ಮಕ್ಕಳ ದುಡಿಮೆ ತಡೆಯಲು ಊರವರಿಗೇ ತರಬೇತಿ : ಕುಂದಾಪುರ ಕಲಿಸಿದ್ದು, ಒಮಾನಿನಲ್ಲಿರುವ ನಾವು ಮಾಡಬಹುದಾದದ್ದು

ಮಸ್ಕತ್ : 2025ನೇ ಇಸವಿ ಬಂದು ಹೋಯಿತು. ಆ ಇಸವಿಯ ಹೊತ್ತಿಗೆ ಜಗತ್ತಿನಲ್ಲಿ ಬಾಲಕಾರ್ಮಿಕ ಪದ್ಧತಿ ಪೂರ್ತಿ ಕೊನೆಗೊಳ್ಳಬೇಕು ಎಂದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ ಒಪ್ಪಿಕೊಂಡಿದ್ದವು. ಒಪ್ಪಿಕೊಂಡವರಲ್ಲಿ ಭಾರತವೂ ಇತ್ತು, ನಮಗೆ ಅನ್ನ ಕೊಡುತ್ತಿರುವ ಒಮಾನೂ ಇತ್ತು. ಆದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಸೇರಿ 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಅಂದಾಜು ನೋಡಿದರೆ, 2024ರಲ್ಲಿ ಇನ್ನೂ 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು. ಅವರಲ್ಲಿ 5.4 ಕೋಟಿ ಮಕ್ಕಳದು ಜೀವಕ್ಕೆ, ಆರೋಗ್ಯಕ್ಕೆ ಕುತ್ತು ತರುವಂಥ ಕೆಲಸ. 2020ರಲ್ಲಿ ಈ ಸಂಖ್ಯೆ 16 ಕೋಟಿ ಇತ್ತು ಎಂಬುದನ್ನು ನೆನೆದರೆ ಇಳಿಕೆ ಆಗಿದೆ, ಸಂತೋಷ. ಆದರೆ ಕೊಟ್ಟ ಮಾತು ಉಳಿಯಲಿಲ್ಲ.

ಈ ಸುದ್ದಿ ನಮ್ಮ ಪುಟದಲ್ಲಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಮಸ್ಕತ್ತಿನಲ್ಲೋ ಸಲಾಲಾದಲ್ಲೋ ಸೋಹಾರಿನಲ್ಲೋ ನಾವು ದಿನವೂ ಓಡಾಡುವ ಜಾಗಗಳಲ್ಲಿ ಹನ್ನೆರಡು ವರ್ಷದ ಹುಡುಗ ಟೇಬಲ್ ಒರೆಸುವುದನ್ನು ನಾವು ಕಾಣುವುದಿಲ್ಲ. ರೂವಿಯ ಹೋಟೆಲಿನಲ್ಲಿ ನಮಗೆ ದೋಸೆ ತಂದುಕೊಡುವವರು ವೀಸಾ ಪಡೆದು ಬಂದ, ಮೀಸೆ ಬಲಿತ ಗಂಡಸರು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಬಾಲಕಾರ್ಮಿಕ ಅಂದರೆ ಪಠ್ಯಪುಸ್ತಕದ ಒಂದು ಚಿತ್ರ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾತ್ರ, "ಆ ಹುಡುಗ ಯಾಕೆ ಸ್ಕೂಲಿಗೆ ಹೋಗಲ್ಲ?" ಎಂಬ ಪ್ರಶ್ನೆ ಅವರ ಬಾಯಿಂದ ಬರುತ್ತದೆ. ಆಗ ಉತ್ತರ ಕೊಡಬೇಕಾದವರು ನಾವು. ಕೆಲವೊಮ್ಮೆ ಆ ಹುಡುಗನೋ ಹುಡುಗಿಯೋ ಕೆಲಸ ಮಾಡುತ್ತಿರುವುದು ನಮ್ಮದೇ ಮನೆಯಲ್ಲಿ, ನಮ್ಮದೇ ಸಂಬಂಧಿಕರ ಹೋಟೆಲಿನಲ್ಲಿ ಎಂಬುದು ಪ್ರಶ್ನೆಯನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಒಮಾನ್ ಈ ವಿಷಯದಲ್ಲಿ ಎಲ್ಲಿದೆ?

ಮೊದಲು ನಾವಿರುವ ನೆಲದ ಮಾತು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಮಾನ್ ಒಪ್ಪಿದ್ದು 1996ರ ಡಿಸೆಂಬರಿನಲ್ಲಿ. ಬಾಲದುಡಿಮೆಯ ಅತಿ ಕೆಟ್ಟ ರೂಪಗಳನ್ನು ನಿಷೇಧಿಸುವ ಐಎಲ್‌ಓದ 182ನೇ ಒಪ್ಪಂದಕ್ಕೆ 2001ರಲ್ಲಿ, ಕನಿಷ್ಠ ವಯಸ್ಸಿನ 138ನೇ ಒಪ್ಪಂದಕ್ಕೆ 2005ರಲ್ಲಿ ಈ ದೇಶ ಅಧಿಕೃತ ಒಪ್ಪಿಗೆ ಕೊಟ್ಟಿತು. ನಮ್ಮ ಭಾರತ ಈ ಎರಡೂ ಒಪ್ಪಂದಗಳಿಗೆ ಒಪ್ಪಿಗೆ ಕೊಟ್ಟದ್ದು ಯಾವಾಗ ಗೊತ್ತೇ? 2017ರ ಜೂನ್‌ನಲ್ಲಿ! ಕೊಲ್ಲಿ ದೇಶಗಳೆಂದರೆ ಕಾನೂನಿನಲ್ಲಿ ಹಿಂದೆ ಎಂದು ಸಲೀಸಾಗಿ ಮಾತಾಡುವವರು ಈ ಇಸವಿಗಳನ್ನು ಗಮನಿಸಬೇಕು.

ಕೆಲಸಕ್ಕೆ ಸೇರಲು 15 ವರ್ಷ ತುಂಬಿರಬೇಕು ಎಂಬ ನಿಯಮ ಒಮಾನಿನ 2003ರ ಕಾರ್ಮಿಕ ಕಾನೂನಿನಲ್ಲೇ ಇತ್ತು. ಅದರ ಬದಲಿಗೆ 2023ರಲ್ಲಿ ಬಂದ ಹೊಸ ಕಾನೂನಿನಲ್ಲೂ ಇದೆ. 2014ರಲ್ಲಿ 22ನೇ ರಾಜಾಜ್ಞೆಯ ಮೂಲಕ ಪ್ರತ್ಯೇಕ ಮಕ್ಕಳ ಕಾನೂನೇ ಬಂತು. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ರಕ್ಷಣೆಗೆ ಸಮಿತಿಗಳು, ದೂರು ಬಂದಾಗ ಹೋಗಿ ವಿಚಾರಿಸುವ ಪ್ರತಿನಿಧಿಗಳು, ಸಾಮಾಜಿಕ ಅಭಿವೃದ್ಧಿ ಸಚಿವಾಲಯದ 1100 ಸಹಾಯವಾಣಿ - ಇವೆಲ್ಲ ಈ ವ್ಯವಸ್ಥೆಯ ಭಾಗ. ಇಲ್ಲಿ ನಾವು ಗಮನಿಸಬೇಕಾದ್ದು, ಕಾನೂನು ಬರೆದವರು ಪೊಲೀಸರಿಗೆ ಮಾತ್ರ ಕೆಲಸ ಒಪ್ಪಿಸಿ ಸುಮ್ಮನಾಗಲಿಲ್ಲ. ಮಗುವಿನ ಹತ್ತಿರ ಇರುವವರೇ ಮೊದಲು ನೋಡುತ್ತಾರೆ, ಅವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕು ಎಂಬ ತಿಳುವಳಿಕೆ ಈ ವ್ಯವಸ್ಥೆಯ ಹಿಂದಿದೆ.

ಕೊಲ್ಲಿಯ ಇನ್ನೊಂದು ಪಾಠವೂ ಇದೆ, ಹಳಬರಿಗೆ ನೆನಪಿರುತ್ತದೆ. ಒಂಟೆ ಓಟಕ್ಕೆ ಹಗುರವಾದ ಸವಾರರು ಬೇಕೆಂದು ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್, ಮಾರಿಟೇನಿಯಾಗಳಿಂದ ಪುಟ್ಟ ಹುಡುಗರನ್ನು ತರುತ್ತಿದ್ದ ಕಾಲವೊಂದಿತ್ತು. 2005ರಲ್ಲಿ ನಮ್ಮ ನೆರೆಯ ಯುಎಇ ಇದನ್ನು ಕಾನೂನಿನಿಂದ ನಿಲ್ಲಿಸಿತು. ಯುನಿಸೆಫ್ ಜೊತೆ ಒಪ್ಪಂದ ಮಾಡಿಕೊಂಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರವರ ದೇಶಕ್ಕೆ ಕಳಿಸಿಕೊಟ್ಟಿತು. ಈಗ ಒಂಟೆಯ ಬೆನ್ನ ಮೇಲೆ ಪುಟ್ಟ ರೋಬಾಟ್ ಕೂತಿರುತ್ತದೆ. ಆದರೆ ವಿಮಾನ ಹತ್ತಿಸಿ ಕಳಿಸಿದ ಕೂಡಲೇ ಕತೆ ಮುಗಿಯಲಿಲ್ಲ. ಆ ಮಕ್ಕಳನ್ನು ಕೊಟ್ಟ ಹಳ್ಳಿಗಳಲ್ಲಿ ಬಡತನ ಹಾಗೇ ಇತ್ತು, ದಲ್ಲಾಳಿಯೂ ಅಲ್ಲೇ ಇದ್ದ. ಹಾಗಾಗಿ ಬಾಂಗ್ಲಾದೇಶದಲ್ಲಿ ಹಿಂದಿರುಗಿದ ಮಕ್ಕಳ ಮೇಲೆ ಕಣ್ಣಿಡಲು ಊರವರದೇ ಸಮಿತಿಗಳನ್ನು ಮಾಡಿ, ಅವರಿಗೆ ತಿಳುವಳಿಕೆ ಕೊಡಬೇಕಾಯಿತು. ಮಗುವನ್ನು ಬಿಡಿಸಿ ತರುವುದು ಒಂದು ದಿನದ ಕೆಲಸ. ಅದು ಮತ್ತೆ ಹೋಗದಂತೆ ನೋಡಿಕೊಳ್ಳುವುದು ಊರಿನ ಕೆಲಸ.

ಈ ಮಾತನ್ನು ಬಾಂಗ್ಲಾದೇಶಕ್ಕಿಂತ ಹತ್ತು ವರ್ಷ ಮೊದಲೇ ಮಾಡಿ ತೋರಿಸಿದ ಊರುಗಳು ನಮ್ಮ ಕರ್ನಾಟಕದಲ್ಲೇ ಇವೆ. ಅದೂ ನಮ್ಮಲ್ಲಿ ಅನೇಕರ ಸ್ವಂತ ತಾಲೂಕಿನಲ್ಲಿ.

ಮಾಣಿಗಳ ತಾಲೂಕು

ಕುಂದಾಪುರದ ಕನ್ನಡದಲ್ಲಿ ಮಾಣಿ ಅಂದರೆ ಹುಡುಗ. ಹೋಟೆಲಿನ ಕನ್ನಡದಲ್ಲಿ ಮಾಣಿ ಅಂದರೆ ತಿಂಡಿ ತಂದುಕೊಡುವವನು. ಒಂದೇ ಪದಕ್ಕೆ ಈ ಎರಡು ಅರ್ಥ ಕೂಡಿಕೊಂಡದ್ದರಲ್ಲಿ ಕರಾವಳಿಯ ದೊಡ್ಡ ಚರಿತ್ರೆಯೇ ಅಡಗಿದೆ ಎಂದು ನಮಗನಿಸುತ್ತದೆ. ಎಂಟು ಹತ್ತು ವರ್ಷಕ್ಕೇ ಬಸ್ಸು ಹತ್ತಿ ಮುಂಬಯಿಗೋ ಬೆಂಗಳೂರಿಗೋ ಹೋಗಿ, ಲೋಟ ತೊಳೆದು, ಹೋಟೆಲಿನ ಬೆಂಚಿನ ಮೇಲೇ ಮಲಗಿ, ಕೊನೆಗೆ ಗಲ್ಲಾದ ಮೇಲೆ ಕೂತವರ ಕತೆಗಳನ್ನು ನಾವೆಲ್ಲ ಹೆಮ್ಮೆಯಿಂದ ಕೇಳಿದ್ದೇವೆ. ಮುಂಬಯಿಯಲ್ಲಿ ಇಂಥ ಹುಡುಗರಿಗಾಗಿಯೇ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳ ರಾತ್ರಿ ಶಾಲೆಯಲ್ಲಿ ಕಲಿತು ಮುಂದೆ ಬಂದವರು ಬಹಳ ಜನ. ಊರು ಬಿಟ್ಟ ಕನ್ನಡಿಗರ ಸಂಘವೊಂದು ಬರೀ ನಾಟಕ, ಹಬ್ಬದೂಟಕ್ಕೆ ನಿಲ್ಲದೆ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆದರೆ ಗಲ್ಲಾದ ಮೇಲೆ ಕೂತವರ ಕತೆ ಮಾತ್ರ ನಮಗೆ ತಲುಪಿತು. ಕ್ಷಯ ಹಿಡಿದು ಹಿಂದಿರುಗಿದವನ, ಸಂಬಳ ಸಿಗದೆ ಊರಿಗೆ ಮುಖ ತೋರಿಸಲಾಗದವನ, ಎಲ್ಲಿ ಹೋದನೆಂದೇ ತಿಳಿಯದವನ ಕತೆಯನ್ನು ಯಾರೂ ಸನ್ಮಾನ ಸಮಾರಂಭದಲ್ಲಿ ಹೇಳುವುದಿಲ್ಲ.

ಬೆಂಗಳೂರಿನ ದುಡಿಯುವ ಮಕ್ಕಳ ನಡುವೆ 1980ರ ದಶಕದಿಂದ ಕೆಲಸ ಮಾಡುತ್ತಿದ್ದ 'ದಿ ಕನ್ಸರ್ನ್‌ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' (ಸಿಡಬ್ಲ್ಯೂಸಿ) ಎಂಬ ಸಂಸ್ಥೆ ಒಂದು ಸಂಗತಿ ಗಮನಿಸಿತು. ನಂದನಾ ರೆಡ್ಡಿ ಮತ್ತು ಅವರ ಸಂಗಡಿಗರು ಕಟ್ಟಿದ ಸಂಸ್ಥೆ ಅದು. ನಗರದ ಹೋಟೆಲುಗಳಲ್ಲಿದ್ದ ಹುಡುಗರನ್ನು ಎಲ್ಲಿಂದ ಬಂದಿರಿ ಎಂದು ಕೇಳಿದರೆ ಕುಂದಾಪುರದ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಬೆಂಗಳೂರಿನಲ್ಲಿ ಒಬ್ಬನನ್ನು ಬಿಡಿಸಿದರೆ ಅವನ ಜಾಗಕ್ಕೆ ಊರಿನಿಂದ ಇನ್ನೊಬ್ಬ ಬರುತ್ತಾನೆ. ಹಾಗಾದರೆ ಕೆಲಸ ಆಗಬೇಕಾದ್ದು ಬಸ್ಸು ಇಳಿಯುವಲ್ಲಿ ಅಲ್ಲ, ಹತ್ತುವಲ್ಲಿ! ಈ ತರ್ಕ ಹಿಡಿದು ಅವರು ಕುಂದಾಪುರ ತಾಲೂಕಿಗೆ ಬಂದರು. ಆಗ ಅದು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ.

1990ರಲ್ಲಿ ದುಡಿಯುವ ಮಕ್ಕಳು ಸೇರಿ 'ಭೀಮ ಸಂಘ' ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡಿದ್ದರು. 1990ರ ದಶಕದ ನಡುವಿನಲ್ಲಿ ಕೆರಾಡಿ, ಆಲೂರು, ಉಪ್ಪುಂದ, ಬೆಳ್ವೆಯಂಥ ಪಂಚಾಯತಿಗಳಲ್ಲಿ 'ಮಕ್ಕಳ ಪಂಚಾಯತಿ' ಶುರುವಾಯಿತು. ಆಟದ ಪಂಚಾಯತಿ ಅಲ್ಲ ಇದು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಶಾಲೆಗೆ ಹೋಗುವ ಬುದ್ಧಿವಂತ ಹುಡುಗರೇ ಎಲ್ಲ ಜಾಗ ಹಿಡಿಯದಂತೆ ದುಡಿಯುವ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ, ಅಂಗವಿಕಲ ಮಕ್ಕಳಿಗೂ ಸ್ಥಾನವಿತ್ತು. ದೊಡ್ಡವರ ಪಂಚಾಯತಿ, ಸರ್ಕಾರಿ ಅಧಿಕಾರಿಗಳು, ಮಕ್ಕಳ ಪಂಚಾಯತಿ - ಈ ಮೂವರೂ ಒಟ್ಟಿಗೆ ಕೂರುವ ಕಾರ್ಯಪಡೆ ಒಂದಿತ್ತು. ಇದಲ್ಲದೆ ಮಕ್ಕಳೇ ನಂಬಿಕೆಯಿಂದ ಆರಿಸಿಕೊಂಡ ಒಬ್ಬ ಹಿರಿಯ ವ್ಯಕ್ತಿ - 'ಮಕ್ಕಳ ಮಿತ್ರ'. ಮನೆಯಲ್ಲಿ ಹೊಡೆತ, ಶಾಲೆಯಲ್ಲಿ ತೊಂದರೆ, ಯಾರೋ ಕೆಲಸಕ್ಕೆ ಕರೆದೊಯ್ಯಲು ಬಂದಿದ್ದಾರೆ ಎಂದಾಗ ಮಗು ಓಡಿಹೋಗಿ ಹೇಳಬಹುದಾದ ಒಂದು ಮನೆ ಊರಿನಲ್ಲೇ ಇರಬೇಕು ಎಂಬುದು ಇದರ ಅರ್ಥ.

ಮಕ್ಕಳು ಮಾಡಿದ್ದೇನು? ಸಮೀಕ್ಷೆ ಮಾಡಿದರು. ಯಾವ ಮನೆಯಲ್ಲಿ ಯಾರು ಶಾಲೆ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ತಾವೇ ಕೇಳಿ ಬರೆದುಕೊಂಡರು. ಆ ಕಾರಣಗಳು ನಾವು ನೀವು ಊಹಿಸುವಂಥವಲ್ಲ. 'ತಂದೆತಾಯಿಗೆ ತಿಳುವಳಿಕೆ ಇಲ್ಲ' ಎಂದು ವೇದಿಕೆಯ ಮೇಲೆ ಭಾಷಣ ಮಾಡುವುದು ಸುಲಭ. ಮಕ್ಕಳು ತೋರಿಸಿದ್ದು ಕಾಲುಸಂಕಗಳನ್ನು! ಮಲೆನಾಡಿನ ಅಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ತೋಡು, ಹೊಳೆ ತುಂಬಿದರೆ ಅಡಿಕೆ ಮರದ ಒಂಟಿ ಸಂಕ ದಾಟಿ ಸಣ್ಣ ಮಕ್ಕಳು ಶಾಲೆಗೆ ಹೋಗಲಾರರು. ವಾರಗಟ್ಟಲೆ ತಪ್ಪಿದ ಮೇಲೆ ಪಾಠ ತಲೆಗೆ ಹತ್ತುವುದಿಲ್ಲ. ಆಮೇಲೆ ಶಾಲೆ ಬಿಡುತ್ತಾರೆ, ಆಮೇಲೆ ಕೆಲಸ. ಹೆಣ್ಣುಮಕ್ಕಳಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು, ಗುಡ್ಡೆಯಿಂದ ಸೌದೆ ತರಲು ಮನೆಯಲ್ಲಿ ಉಳಿಯುತ್ತಾರೆ. ಅದಕ್ಕೆ ಬೇಕಾದ್ದು ಅಂಗನವಾಡಿ. ಹೀಗೆ ಬಾಲಕಾರ್ಮಿಕ ಸಮಸ್ಯೆ ಅಂದುಕೊಂಡದ್ದು ಪಂಚಾಯತಿಯ ಸಭೆಯಲ್ಲಿ ಸಂಕದ ಸಮಸ್ಯೆ, ಅಂಗನವಾಡಿಯ ಸಮಸ್ಯೆ, ಸೌದೆಯ ಸಮಸ್ಯೆ ಆಗಿ ಬಿಡಿಬಿಡಿಯಾಯಿತು. ಬಿಡಿಯಾದ ಮೇಲೆ ಪಂಚಾಯತಿಗೆ ಅದರಲ್ಲಿ ಕೆಲವನ್ನಾದರೂ ಪರಿಹರಿಸುವುದು ಸಾಧ್ಯವಾಯಿತು. ಬೆಂಗಳೂರಿನ ಯಾವ ಕಾರ್ಮಿಕ ನಿರೀಕ್ಷಕರಿಗೆ ಕಾಲುಸಂಕ ಹೊಳೆಯುತ್ತಿತ್ತು ಹೇಳಿ?

ಶಾಲೆಗೆ ಮರಳಲಾಗದಷ್ಟು ದೊಡ್ಡವರಾದ ಮಕ್ಕಳಿಗೆ ಕನ್ಯಾನ ಗ್ರಾಮದಲ್ಲಿ 'ನಮ್ಮ ಭೂಮಿ' ಎಂಬ ವಸತಿ ತರಬೇತಿ ಕೇಂದ್ರ ಹುಟ್ಟಿತು. ಮರಗೆಲಸ, ಕಟ್ಟಡ ಕೆಲಸ, ನೇಯ್ಗೆಯಂಥ ಕಸುಬುಗಳ ಜೊತೆಗೆ ಪಂಚಾಯತಿ ವ್ಯವಸ್ಥೆಯ ಪಾಠವೂ ಅಲ್ಲಿತ್ತು. ರಜೆಗೆ ಊರಿಗೆ ಹೋಗುವ ಕುಂದಾಪುರದವರು ಮಕ್ಕಳನ್ನು ಕೊಲ್ಲೂರು, ಮರವಂತೆಗೆ ಕರೆದೊಯ್ಯುವಾಗ ಇಂಥ ಜಾಗದ ಕತೆಯನ್ನೂ ಅವರಿಗೆ ಹೇಳಬಹುದು.

1996ರ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರಗಳಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾಗಳ 30ಕ್ಕೂ ಹೆಚ್ಚು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿದರು. ಇಂಥ ಅಂತಾರಾಷ್ಟ್ರೀಯ ಸಭೆ ಅದೇ ಮೊದಲು. ಹತ್ತು ಅಂಶಗಳ 'ಕುಂದಾಪುರ ಘೋಷಣೆ' ಹೊರಬಂತು. ನಮ್ಮನ್ನು ಕೇಳದೆ ನಮ್ಮ ಬಗ್ಗೆ ತೀರ್ಮಾನ ಮಾಡಬೇಡಿ, ನಮ್ಮ ಪರಿಸ್ಥಿತಿಗೆ ಹೊಂದುವ ಶಿಕ್ಷಣ ಕೊಡಿ, ಹಳ್ಳಿಯಲ್ಲೇ ಬದುಕುವ ದಾರಿ ಮಾಡಿ - ನಗರಕ್ಕೆ ಹೋಗುವುದು ತಪ್ಪಲಿ, ನಾವು ಮಾಡಿದ ಸರಕನ್ನು ಬಹಿಷ್ಕರಿಸಬೇಡಿ - ಇಂಥ ಮಾತುಗಳು ಅದರಲ್ಲಿದ್ದವು. ಈ ಘೋಷಣೆಗೆ ದಕ್ಷಿಣ ಅಮೆರಿಕದಲ್ಲಿ ಸಿಕ್ಕ ಗೌರವ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಸಿಗಲಿಲ್ಲ ಎಂಬುದು ಬೇಸರದ ಮಾತು. ಕಾಕತಾಳೀಯವೆಂದರೆ ಅದೇ ಡಿಸೆಂಬರಿನಲ್ಲಿ ಒಮಾನ್ ಮಕ್ಕಳ ಹಕ್ಕುಗಳ ಒಡಂಬಡಿಕೆ ಸೇರಿತು. ಅದೇ ತಿಂಗಳು ನಮ್ಮ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ, ಅಪಾಯದ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲೀಕ ಪ್ರತಿ ಮಗುವಿಗೆ 20,000 ರೂಪಾಯಿ ಕಟ್ಟಬೇಕೆಂದು ತೀರ್ಪು ಕೊಟ್ಟಿತು. 1098 ಚೈಲ್ಡ್‌ಲೈನ್ ಮುಂಬಯಿಯಲ್ಲಿ ಆರಂಭವಾದದ್ದೂ ಅದೇ 1996ರಲ್ಲಿ.

ಒಪ್ಪದವರೂ ಇದ್ದಾರೆ

ಕುಂದಾಪುರದ ದಾರಿಯನ್ನು ಎಲ್ಲರೂ ಒಪ್ಪಲಿಲ್ಲ. ದುಡಿಯುವ ಮಕ್ಕಳ ಸಂಘಟನೆ ಕಟ್ಟಿದರೆ ಬಾಲದುಡಿಮೆಯನ್ನೇ ಒಪ್ಪಿಕೊಂಡಂತೆ ಆಗುವುದಿಲ್ಲವೇ ಎಂಬುದು ಗಂಭೀರ ಪ್ರಶ್ನೆ. ನೆರೆಯ ಆಂಧ್ರದಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ನಿಲುವು ತಳೆಯಿತು : ಶಾಲೆಯಲ್ಲಿಲ್ಲದ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ, ರಾಜಿ ಇಲ್ಲ. ಆ ಕೆಲಸಕ್ಕೆ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದಾಳಿ ಮಾಡಿ ಮಕ್ಕಳನ್ನು ಬಿಡಿಸುವುದಕ್ಕೆ ಹೆಸರಾದ ಕೈಲಾಶ್ ಸತ್ಯಾರ್ಥಿ ಅವರಿಗೆ 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಮ್ಮ ಅಭಿಪ್ರಾಯ ಕೇಳಿದರೆ, ಹದಿನಾಲ್ಕರ ಒಳಗಿನ ಮಗುವಿನ ವಿಷಯದಲ್ಲಿ ಶಾಂತಾ ಸಿನ್ಹಾ ಅವರ ಹಟವೇ ಸರಿ. ಹದಿನಾರರ ಹುಡುಗನ ವಿಷಯದಲ್ಲಿ ಕುಂದಾಪುರದ ಮಾತಿಗೆ ತೂಕ ಹೆಚ್ಚು. ಆದರೆ ಗಮನಿಸಿ, ಒಬ್ಬರನ್ನೊಬ್ಬರು ಒಪ್ಪದ ಈ ಗುಂಪುಗಳೆಲ್ಲ ಕೊನೆಗೆ ಬಂದು ನಿಂತದ್ದು ಒಂದೇ ಜಾಗದಲ್ಲಿ. ಎಂ.ವಿ. ಫೌಂಡೇಶನ್ ಊರಿನ ಯುವಕರನ್ನೂ ಶಿಕ್ಷಕರನ್ನೂ ತಯಾರು ಮಾಡಿತು. ಸತ್ಯಾರ್ಥಿಯವರ ಸಂಸ್ಥೆಯೂ 'ಬಾಲಮಿತ್ರ ಗ್ರಾಮ' ಎಂದು ಹಳ್ಳಿಗೇ ಹೋಯಿತು, ಅಲ್ಲೂ ಮಕ್ಕಳ ಪಂಚಾಯತಿ ಬಂತು. ಐಎಲ್‌ಓ ಇಟಲಿಯ ನೆರವಿನಿಂದ ಕರ್ನಾಟಕದಲ್ಲಿ ಬೀದರ್ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಯೋಜನೆ ನಡೆಸಿದಾಗಲೂ ದೊಡ್ಡ ಮಕ್ಕಳಿಗೆ ಕಸುಬು ಕಲಿಸುವುದರ ಮೇಲೆ ಒತ್ತು ಕೊಟ್ಟಿತು.

ದಾಳಿಯ ಮಿತಿ ಏನೆಂದು ನಮ್ಮ ರೇಷ್ಮೆ ನಾಡಿನಲ್ಲೂ ಕಂಡಿದೆ. ಹ್ಯೂಮನ್ ರೈಟ್ಸ್ ವಾಚ್ 2003ರ ಜನವರಿಯಲ್ಲಿ ಪ್ರಕಟಿಸಿದ ವರದಿ ರಾಮನಗರ, ಮಾಗಡಿ ಕಡೆಯ ರೇಷ್ಮೆ ನೂಲುವ, ಹುರಿ ಮಾಡುವ ಘಟಕಗಳಲ್ಲಿ ಸಾಲದ ಮುಂಗಡಕ್ಕೆ ಒತ್ತೆಯಾದ ಮಕ್ಕಳ ಸ್ಥಿತಿಯನ್ನು ಬಿಚ್ಚಿಟ್ಟಿತು. ಅಪ್ಪ ಪಡೆದ ಕೆಲವು ಸಾವಿರ ಮುಂಗಡ ತೀರುವವರೆಗೆ ಮಗು ಅಲ್ಲೇ. ಜೀತ ನಿಷೇಧ ಕಾನೂನು ಬಂದದ್ದು 1976ರಲ್ಲಿ! ಮುಂಗಡ ಕೊಟ್ಟದ್ದು ಊರಿಗೆಲ್ಲ ಗೊತ್ತಿರುತ್ತದೆ, ಇಲಾಖೆಗೆ ಮಾತ್ರ ಗೊತ್ತಿರುವುದಿಲ್ಲ.

ತರಬೇತಿ ಅಂದರೆ ಏನು?

ತರಬೇತಿ ಎಂದ ಕೂಡಲೇ ಬ್ಯಾನರು, ದೀಪ ಬೆಳಗುವುದು, ಮಧ್ಯಾಹ್ನ ಊಟ ಎಂದುಕೊಳ್ಳುವವರಿದ್ದಾರೆ. ಅಂಥವೂ ನಡೆಯುತ್ತವೆ, ಬಿಡಿ. ನಾವು ಹೇಳುತ್ತಿರುವುದು ಬೇರೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಪಂಚಾಯತಿಯ ಪಿಡಿಓ, 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಇರುವ ಎಸ್‌ಡಿಎಂಸಿ ಸದಸ್ಯರು, ಸ್ವಸಹಾಯ ಸಂಘದ ಹೆಂಗಸರು, ಬಸ್ ನಿಲ್ದಾಣದ ಅಂಗಡಿಯವನು - ಇವರಿಗೆಲ್ಲ ಮೂರು ಸಂಗತಿ ಗೊತ್ತಿರಬೇಕು : ಏನನ್ನು ಗಮನಿಸಬೇಕು, ಯಾರಿಗೆ ಹೇಳಬೇಕು, ಏನನ್ನು ಮಾಡಬಾರದು.

ಗಮನಿಸುವ ವಿಷಯದಲ್ಲಿ ಕರ್ನಾಟಕದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲು 60 ದಿನ ಸತತವಾಗಿ ಬಾರದ ಮಗುವನ್ನು ಮಾತ್ರ ಶಾಲೆ ಬಿಟ್ಟ ಮಗು ಎಂದು ಲೆಕ್ಕ ಹಾಕುತ್ತಿದ್ದರು. ಎರಡು ತಿಂಗಳಲ್ಲಿ ಮಗು ಪುಣೆಯನ್ನೋ ಚೆನ್ನೈಯನ್ನೋ ಸೇರಿರುತ್ತದೆ! 2013ರಲ್ಲಿ ಹೈಕೋರ್ಟು ಶಾಲೆಯ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಇದು 7 ದಿನಕ್ಕೆ ಇಳಿಯಿತು. ಈಗ ಎಂಟನೇ ದಿನ ಯಾರಾದರೂ ಆ ಮನೆಗೆ ಹೋಗಬೇಕು. ಹೋಗುವವರು ಯಾರು, ಹೋಗಿ ಏನು ಕೇಳಬೇಕು ಎಂಬುದೇ ತರಬೇತಿ.

ಹೇಳುವ ವಿಷಯ ಬಂದರೆ, 1098ಕ್ಕೆ ಕರೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಕಾರ್ಮಿಕ ಇಲಾಖೆ, 2017ರಲ್ಲಿ ಕೇಂದ್ರ ಸರ್ಕಾರ ತೆರೆದ ಪೆನ್ಸಿಲ್ ಅಂತರ್ಜಾಲ ತಾಣ - ದಾರಿಗಳು ಇವೆ. 2023ರ ನಂತರ 1098ರ ಹೊಣೆ ಸ್ವಯಂಸೇವಾ ಸಂಸ್ಥೆಗಳಿಂದ ರಾಜ್ಯ ಸರ್ಕಾರಗಳ ಕೈಗೆ ಬಂದು, 112 ತುರ್ತು ಸೇವೆಯ ಜೊತೆ ಜೋಡಣೆಯಾಗಿದೆ, ಸಂಖ್ಯೆ ಅದೇ.

ಮಾಡಬಾರದ್ದರ ಪಟ್ಟಿಯೇ ಹೆಚ್ಚು ಮುಖ್ಯ ಎಂದು ನಮಗನಿಸುತ್ತದೆ. ಮಾಲೀಕನಿಗೆ ಮೊದಲೇ ಸುಳಿವು ಸಿಕ್ಕರೆ ಮಗು ರಾತ್ರೋರಾತ್ರಿ ಬೇರೆ ಊರಿಗೆ ಹೋಗುತ್ತದೆ. ಮಗುವಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಬಾರದು. ಅದು ಅಪರಾಧ ಕೂಡ. ತಾಯಿಯನ್ನು ನಾಲ್ಕು ಜನರ ಮುಂದೆ ಬೈಯಬಾರದು, ಬೈದರೆ ಮುಂದಿನ ಸಲ ಆಕೆ ಬಾಗಿಲು ತೆಗೆಯುವುದಿಲ್ಲ. ಮಗುವಿಗೆ ಬರಬೇಕಾದ ಬಾಕಿ ಸಂಬಳವನ್ನು ಮರೆತು ಮಗುವನ್ನಷ್ಟೇ ಕರೆತರಬಾರದು. 2016ರ ತಿದ್ದುಪಡಿಯ ಪ್ರಕಾರ 14ರ ಒಳಗಿನವರನ್ನು ಯಾವ ಕೆಲಸಕ್ಕೂ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ತಪ್ಪಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ತಂದೆತಾಯಿಗೆ ಮೊದಲ ಸಲಕ್ಕೆ ಶಿಕ್ಷೆ ಇಲ್ಲ. ಈ ಕೊನೆಯ ವಾಕ್ಯ ಊರಿನ ತಾಯಂದಿರಿಗೆ ಗೊತ್ತಿದ್ದರೆ ಎಷ್ಟೋ ದೂರುಗಳು ಮನೆಯಿಂದಲೇ ಬರುತ್ತವೆ.

ಇದೇ ಕಾನೂನಿನಲ್ಲಿ ಒಂದು ಸಡಿಲವೂ ಇದೆ. ಶಾಲೆಯ ನಂತರ, ರಜೆಯಲ್ಲಿ ಮಗು ಮನೆಯವರ ಉದ್ಯೋಗದಲ್ಲಿ ನೆರವಾಗಬಹುದು, ಅಪಾಯದ ಕೆಲಸ ಆಗಬಾರದು ಅಷ್ಟೇ. ಅಪ್ಪನ ಅಂಗಡಿಯಲ್ಲಿ ಸಂಜೆ ಕೂರುವ ಮಗನನ್ನು ಯಾರೂ ತಪ್ಪು ಎನ್ನುವುದಿಲ್ಲ. ಆದರೆ ಹೋಟೆಲಿನಲ್ಲಿ ಸಿಕ್ಕ ಹುಡುಗನನ್ನೆಲ್ಲ 'ನಮ್ಮ ದೊಡ್ಡಮ್ಮನ ಮೊಮ್ಮಗ' ಎಂದು ತೋರಿಸಲು ಇದು ದಾರಿ ಮಾಡಿದೆ. ನಿಜವಾದ ದೊಡ್ಡಮ್ಮ ಯಾರೆಂದು ಪತ್ತೆ ಮಾಡಬಲ್ಲವರು ಊರವರು ಮಾತ್ರ.

ಸರ್ಕಾರದ ಕಡೆಯಿಂದಲೂ ಭಾರ ಊರಿನ ಕಡೆಗೇ ವಾಲುತ್ತಿದೆ. ಬಾಲಕಾರ್ಮಿಕರಿಗಾಗಿ 1988ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯ ವಿಶೇಷ ಶಾಲೆಗಳು 2021ರಲ್ಲಿ ಸಮಗ್ರ ಶಿಕ್ಷಣ ಯೋಜನೆಯೊಳಗೆ ಸೇರಿಹೋದವು. ಲೆಕ್ಕವೂ ಹಳೆಯದು : 2001ರ ಜನಗಣತಿಯಲ್ಲಿ ದೇಶದಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳು 1.26 ಕೋಟಿ, 2011ರಲ್ಲಿ 1.01 ಕೋಟಿ. 43.5 ಲಕ್ಷ ಎಂಬ ಇನ್ನೊಂದು ಅಂಕಿ ಕೆಲವರು ಹೇಳುತ್ತಾರೆ, ಅದು ವರ್ಷದ ಬಹುಪಾಲು ದುಡಿಯುವವರದು ಮಾತ್ರ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ. ನಡುವೆ ಕೋವಿಡ್ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಹೀಗಿರುವಾಗ ಒಂದು ಊರಿನಲ್ಲಿ ಎಷ್ಟು ಮಕ್ಕಳು ಕೆಲಸಕ್ಕೆ ಹೋಗುತ್ತಿದ್ದಾರೆಂದು ತಿಳಿಯಲು ದೆಹಲಿಯ ಪುಸ್ತಕ ತೆರೆದು ಫಲವಿಲ್ಲ, ಆ ಊರಿನಲ್ಲೇ ಕೇಳಬೇಕು.

ನಮ್ಮ ಮನೆಯ ಮಾತು

ಈಗ ಕಷ್ಟದ ಭಾಗ. ನಾವು ಮಸ್ಕತ್ತಿನಲ್ಲಿ, ಅಪ್ಪ ಅಮ್ಮ ಊರಿನಲ್ಲಿ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ. ಫೋನಿನಲ್ಲಿ ಯಾರೋ ನೆಂಟರು ಹೇಳುತ್ತಾರೆ - "ಘಟ್ಟದ ಮೇಲಿನ ಕಡೆಯಿಂದ ಒಂದು ಹುಡುಗಿ ತರಿಸಿಕೊಡುತ್ತೇವೆ, ಸಣ್ಣವಳು, ಮನೆಯ ಮಗಳ ಹಾಗೆ ಇರುತ್ತಾಳೆ." ನಾವು ಒಪ್ಪುತ್ತೇವೆ, ತಿಂಗಳು ತಿಂಗಳು ಹಣ ಕಳಿಸುತ್ತೇವೆ. ಹುಡುಗಿಯ ವಯಸ್ಸು ಕೇಳುವುದಿಲ್ಲ. 2006ರ ಅಕ್ಟೋಬರ್ 10ರಿಂದಲೇ 14ರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲು, ಢಾಬಾ ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷೇಧ. ಮನೆಯ ಮಗಳ ಹಾಗೆ ಎಂದರೆ ಮನೆಯ ಮಗಳು ಶಾಲೆಗೆ ಹೋಗುತ್ತಾಳಲ್ಲ, ಇವಳು ಯಾಕೆ ಹೋಗುವುದಿಲ್ಲ? ಇದಕ್ಕೆ 'ಅವಳ ಮನೆಯಲ್ಲಿ ಊಟಕ್ಕೇ ಇಲ್ಲ, ಇಲ್ಲಾದರೆ ಹೊಟ್ಟೆ ತುಂಬುತ್ತದೆ' ಎಂಬ ಉತ್ತರವನ್ನು ನಾವು ಬಹಳ ಸಲ ಕೇಳಿದ್ದೇವೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಊಟ ಕೊಡುವುದಕ್ಕೆ ಕೆಲಸ ಮಾಡಿಸಲೇಬೇಕೆಂದೇನೂ ಇಲ್ಲವಲ್ಲ. ಅಪ್ಪ ಅಮ್ಮನ ಆರೈಕೆಗೆ ಬೇಕಾದ್ದು ಸರಿಯಾದ ಸಂಬಳಕ್ಕೆ ಬರುವ ದೊಡ್ಡ ಹೆಂಗಸು. ಸಂಬಳ ಹೆಚ್ಚಾಗುತ್ತದೆ, ಹೌದು. ರಿಯಾಲಿನಲ್ಲಿ ಲೆಕ್ಕ ಹಾಕಿದರೆ ಅಷ್ಟೇನೂ ಅಲ್ಲ.

ನಮ್ಮಲ್ಲಿ ಕೆಲವರಿಗೆ ಊರಿನಲ್ಲಿ ಹೋಟೆಲು, ಬೇಕರಿ, ಕಲ್ಯಾಣ ಮಂಟಪಗಳಲ್ಲಿ ಪಾಲಿದೆ. ಕೆಲಸಕ್ಕೆ ಸೇರುವವರ ಶಾಲಾ ದಾಖಲೆಯನ್ನೋ ಜನನ ಪ್ರಮಾಣಪತ್ರವನ್ನೋ ಕೇಳಿ ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಪಾಲುದಾರರಿಗೆ ಹೇಳಿದರೆ ಸಾಕು, ಅರ್ಧ ಕೆಲಸ ಆಗುತ್ತದೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಕ್ಷಗಾನದ ಮೇಳಕ್ಕೆ ಧಾರಾಳವಾಗಿ ಕೊಡುವ ಕೈ ನಮ್ಮದು, ಅದರಲ್ಲಿ ತಪ್ಪೇನಿಲ್ಲ. ಅದೇ ಊರಿನ ಶಾಲೆಯ ಎಸ್‌ಡಿಎಂಸಿಯನ್ನು ಕೇಳಿ, ಮಳೆಗಾಲದಲ್ಲಿ ಯಾವ ಸಂಕದ ದೆಸೆಯಿಂದ ಎಷ್ಟು ಮಕ್ಕಳು ತಪ್ಪಿಸಿಕೊಳ್ಳುತ್ತಾರೆಂದು ಲೆಕ್ಕ ತರಿಸಿಕೊಳ್ಳಬಹುದು. ನಾಲ್ಕಾರು ಮನೆಯವರು ಸೇರಿದರೆ ಒಂದು ಕಾಲುಸಂಕಕ್ಕೆ, ಹತ್ತನೇ ತರಗತಿಯಲ್ಲಿ ನಪಾಸಾದ ಹುಡುಗರ ಐಟಿಐ ಶುಲ್ಕಕ್ಕೆ ದಾರಿಯಾಗುತ್ತದೆ. ಹಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ ನಮ್ಮ ಹತ್ತಿರ ಇದೆ - ಊರಿನಲ್ಲಿ ನಮ್ಮ ಮಾತಿಗಿರುವ ಬೆಲೆ. ದುಬೈ, ಮಸ್ಕತ್ತಿನಿಂದ ಬಂದವರು ಹೇಳಿದರೆ ಜನ ಕೇಳುತ್ತಾರೆ. 'ಸಣ್ಣವಯಸ್ಸಿನಲ್ಲೇ ಮನೆ ಬಿಟ್ಟು ದುಡಿದೇ ನಾನು ಮೇಲೆ ಬಂದೆ' ಎಂದು ಮದುವೆ ಮನೆಯಲ್ಲಿ ಹೇಳುವಾಗ, ಪಕ್ಕದಲ್ಲಿ ಕೂತ ಏಳನೇ ತರಗತಿಯ ಹುಡುಗನ ಅಪ್ಪನೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾನೆ.

ಕರ್ನಾಟಕದಲ್ಲಿ 2006ರಿಂದ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ಆದೇಶ ಇದೆ. ಕುಂದಾಪುರದ ಮಕ್ಕಳು ಕಟ್ಟಿದ್ದು ಈ ರೂಪದಲ್ಲಿ ಇಡೀ ರಾಜ್ಯಕ್ಕೆ ಹರಡಿತು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಿಂದ ಈ ಸಭೆಗಳು ಶುರುವಾಗುತ್ತವೆ. ಕೆಲವು ಪಂಚಾಯತಿಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಕೆಲವೆಡೆ ಫೋಟೋ ತೆಗೆದು, ಮಿಠಾಯಿ ಹಂಚಿ ಮುಗಿಸುತ್ತಾರೆ. ಹಿಂದಿನ ವರ್ಷ ಮಕ್ಕಳು ಕೇಳಿದ್ದರಲ್ಲಿ ಯಾವುದಾಯಿತು, ಯಾವುದಾಗಲಿಲ್ಲ ಎಂಬ ವರದಿ ಓದಿ ಹೇಳಿ ಎಂದು ಸಭಿಕರಲ್ಲಿ ಒಬ್ಬರು ಎದ್ದು ಕೇಳಿದರೂ ಸಭೆಯ ರೀತಿಯೇ ಬದಲಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ರಜೆಯಲ್ಲಿ ಊರಿಗೆ ಹೋಗುವ ಬಂಧುಗಳು ತಮ್ಮ ಪಂಚಾಯತಿ ಕಚೇರಿಗೆ ಫೋನು ಮಾಡಿ ದಿನಾಂಕ ಕೇಳಿಕೊಳ್ಳಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ. ಊರಿನಲ್ಲಿ ದುಡಿಯುವ ಮಗು ಕಣ್ಣಿಗೆ ಬಿದ್ದರೆ 1098. ಇಲ್ಲಿ ಒಮಾನಿನಲ್ಲಿ ಯಾವುದೇ ಮಗುವಿಗೆ ತೊಂದರೆ ಆಗುತ್ತಿದೆ ಎಂದು ಕಂಡರೆ 1100.